ಬೇಸ್ ಗಿಟಾರಿಗೊಂದು ಉಗುರು

ಮೇ 4, ಸೋಮವಾರ

ಡಾಕ್ಟರಮ್ಮನ ಅಪ್ಪಣೆಯಾಗಿದೆ: ದಿನಕ್ಕೊಂದು ಪುಟ, ಬಲಗೈಯಲ್ಲೇ ಬರೆಯಬೇಕು.

“ಏನು ಬರೀಲಿ?” ಅಂದೆ.

“ಏನಾದ್ರೂ ಬರೀರಿ ಮೇಷ್ಟ್ರೇ. ನಾನೂ ಓದಲ್ಲ, ಯಾರೂ ಓದಲ್ಲ. ಬೆರಳು ಆಡಬೇಕು, ಅಷ್ಟೆ.”

ಇಪ್ಪತ್ತೇಳು ವರ್ಷ ಮಕ್ಕಳ ಕೈಯಲ್ಲಿ ನದಿಗಳ ಹೆಸರನ್ನು ನೂರು ನೂರು ಸಲ ಬರೆಸಿದ ಪಾಪ ಹೀಗೆ ಸುತ್ತಿ ಬಂದಿದೆ. ಯಾರೂ ಓದದ್ದನ್ನು ಬರೆಯುವ ಭಾಗ್ಯ ದೊಡ್ಡ ದೊಡ್ಡ ಲೇಖಕರಿಗೂ ಉಂಟು ಎಂದು ಸಮಾಧಾನ ಮಾಡಿಕೊಂಡು ಶುರು ಮಾಡುತ್ತೇನೆ.

ಆದದ್ದಿಷ್ಟು. ಶುಭ ಶುಕ್ರವಾರದ ಊಟಕ್ಕೆ ನಮ್ಮ ಕುಂಬಿಯಾ ಕುಣಿತದ ವಾದ್ಯ ತಂಡದವರೆಲ್ಲ ಮನೆಗೆ ಬಂದಿದ್ದರು. ಬೋಗುಣಿಯಲ್ಲಿ ಪಿರಾನ್ಯಾ ಮೀನುಗಳಿದ್ದವು, ಸತ್ತು ಹತ್ತು ನಿಮಿಷವಾಗಿತ್ತು. ಭೂಗೋಳದ ಮೇಷ್ಟ್ರಿಗೆ ಪ್ರಾಣಿಶಾಸ್ತ್ರದ ಚಪಲ ಹತ್ತಿತು. “ನೋಡಿ, ಇದರ ದವಡೆ ಕೆಲಸ ಮಾಡೋದು ಹೀಗೆ” ಎಂದು ಎರಡು ಬೆರಳನ್ನು ಅದರ ಬಾಯೊಳಗಿಟ್ಟು ತೋರಿಸಿದೆ. ದವಡೆ ಹಾಗೇ ಕೆಲಸ ಮಾಡಿತು. ಐವತ್ತೆರಡು ವರ್ಷದಿಂದ ನಮ್ಮ ಪುಕಾಲ್ಪಾದ ಉಕಾಯಾಲಿ ನದಿಯಲ್ಲಿ ಮೀಯುತ್ತಿದ್ದೇನೆ. ಬದುಕಿದ ಮೀನೊಂದೂ ಕಚ್ಚಲಿಲ್ಲ, ಸತ್ತದ್ದು ಕಚ್ಚಿತು.

ನಡುಬೆರಳಿನ ಒಳಗೆಲ್ಲ ಹೊಲಿಗೆ, ಅದು ಮಡಚುವುದಿಲ್ಲ. ತೋರುಬೆರಳು ಮಡಚುತ್ತದೆ, ಆದರೆ ತುದಿಯಲ್ಲಿ ಜೀವವಿಲ್ಲ. ಇವತ್ತು ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಅದಕ್ಕೆ ಏನೋ ಮುಟ್ಟಿಸಿದರು. “ಹತ್ತಿ” ಅಂದೆ. ಕಣ್ಣು ಬಿಟ್ಟರೆ ಸೂಜಿ.

“ನರ ಚಿಗುರಿದ್ರೆ ಚಿಗುರಿತು, ಇಲ್ಲಾಂದ್ರೆ ಇಲ್ಲ. ಗುರುವಾರ ಗುರುವಾರ ಬನ್ನಿ.”

ಮೂವತ್ತೊಂದು ವರ್ಷ ಈ ಎರಡು ಬೆರಳು ನನ್ನ ಜೋಡಿ ಹುಟ್ಟುಗಳಾಗಿದ್ದವು. ಬೇಸ್ ಗಿಟಾರಿನ ದಪ್ಪ ತಂತಿಯ ಮೇಲೆ ಒಂದಾದ ಮೇಲೊಂದು ಹಾಕಿದರೆ ಇಡೀ ತಂಡ ದೋಣಿಯ ಹಾಗೆ ತೇಲುತ್ತಿತ್ತು. ಈಗ ಒಂದು ಹುಟ್ಟು ಮುರಿದಿದೆ, ಇನ್ನೊಂದಕ್ಕೆ ನೀರು ಯಾವುದು ಗಾಳಿ ಯಾವುದು ತಿಳಿಯುವುದಿಲ್ಲ.

ಮೇ 9, ಶನಿವಾರ

ಅಭ್ಯಾಸಕ್ಕೆ ಅಮೆರಿಕೋನ ಶೆಡ್ಡಿಗೆ ಹೋಗಿದ್ದೆ. ಅಮೆರಿಕೋ ದೋಣಿ ಎಂಜಿನ್ ರಿಪೇರಿ ಮಾಡುವವನು, ತಂಡದ ಗಿಟಾರಿಗ, ಯಜಮಾನ. ನಮ್ಮ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತ ದಿನದಿಂದ ಅವನು ನನಗೆ ‘ಕುಂಪಾ’, ನಾನು ಅವನಿಗೆ ‘ಕುಂಪಾ’. ಅಂದಿನಿಂದ ಒಬ್ಬರಿಗೊಬ್ಬರು ‘ನೀವು’. ಇಪ್ಪತ್ತನಾಲ್ಕು ವರ್ಷದಿಂದ ಬೈದಾಡುವುದೂ ಬಹುವಚನದಲ್ಲೇ.

“ಕುಂಪಾ, ನಿಮ್ಮ ಬೆರಳು ನಿಮಗೆ ಕೈ ಕೊಟ್ಟಿದೆ. ನೀವು ನನಗೆ ಕೈ ಕೊಡಬೇಡಿ” ಎಂದ. ಆಮೇಲೆ ಮೂಲೆಯಲ್ಲಿದ್ದ ಬಟ್ಟೆ ಸರಿಸಿದ. ಹೊಸ ಕೀಬೋರ್ಡು! ಅದರ ಹಿಂದೆ ನಮ್ಮ ಕ್ಲೆವರ್, ತಪ್ಪು ಮಾಡಿದ ನಾಯಿಯ ಮುಖ ಹಾಕಿಕೊಂಡು ಕೂತಿದ್ದ. ಮೂವತ್ತೈದರ ಒಳ್ಳೆಯ ಹುಡುಗ, ಬಲಗೈಯಲ್ಲಿ ರಾಗ ನುಡಿಸುತ್ತಾನೆ. ಇನ್ನು ಎಡಗೈಯಲ್ಲಿ ಬೇಸು ಕೂಡ ನುಡಿಸಬಹುದಂತೆ.

“ತೋರ್ಸಯ್ಯಾ” ಎಂದ ಅಮೆರಿಕೋ. ಕ್ಲೆವರ್ ತೋರಿಸಿದ. ನೆಗಡಿಯಾದ ಕಪ್ಪೆ ಕೊಡದೊಳಗೆ ಕೂತು ವಟಗುಟ್ಟಿದ ಹಾಗಿತ್ತು. ಆದರೆ ತಾಳ ತಪ್ಪಲಿಲ್ಲ, ಅದೇ ಸಂಕಟ.

ಜೂನ್ 24ಕ್ಕೆ ಸಾನ್ ಹುವಾನ್ ಹಬ್ಬ. ಯಾರಿನಾಕೋಚಾ ಕೆರೆಯ ದಂಡೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಮ್ಮ ತಂಡದ್ದೇ ಕುಣಿತ. ಅಮೆರಿಕೋನ ತೀರ್ಪು: ಜೂನ್ 20ರ ಅಭ್ಯಾಸದಲ್ಲಿ ನಾನು ಎರಡು ಗಂಟೆ ನಿಲ್ಲಿಸದೆ ನುಡಿಸಬೇಕು. ಇಲ್ಲದಿದ್ದರೆ ಹಬ್ಬಕ್ಕೆ ಕೀಬೋರ್ಡು, ಹಬ್ಬದ ನಂತರವೂ ಕೀಬೋರ್ಡು. “ನಿಮ್ಮ ಸ್ಪೀಕರ್ ಡಬ್ಬ ಒಂದಿಲ್ಲದಿದ್ರೆ ದೋಣಿಗೆ ಒಬ್ಬ ದಪ್ಪ ಮನುಷ್ಯನ ಭಾರ ಕಮ್ಮಿ, ಕುಂಪಾ. ನೀವೂ ಇಲ್ಲದಿದ್ರೆ ಇಬ್ಬರದ್ದು.”

“ಹಾಗಾದರೆ ನಾನೇನು ಮಾಡಲಿ?”

ಈ ಪ್ರಶ್ನೆಗಾಗಿ ಅವನು ಮೂವತ್ತು ವರ್ಷ ಕಾದಿದ್ದ. ಜೇಬಿನಿಂದ ತಂತಿ ಮೀಟುವ ಒಂದು ಪಿಕ್ಕು ತೆಗೆದು ನನ್ನ ಅಂಗೈ ಮೇಲಿಟ್ಟ. ನಮ್ಮೂರಲ್ಲಿ ಇದಕ್ಕೆ ‘ಉಗುರು’ ಅನ್ನುವುದು. ಉಗುರು ಹಿಡಿಯುವ ಗಿಟಾರಿಗರನ್ನು ನಾನು ಆಡಿಕೊಂಡಷ್ಟು ಪುಕಾಲ್ಪಾದಲ್ಲಿ ಬೇರೆ ಯಾರೂ ಆಡಿಕೊಂಡಿಲ್ಲ. ‘ಬೆರಳಿದ್ದವನಿಗೆ ತಂತಿ, ಇಲ್ಲದವನಿಗೆ ಉಗುರು’ ಎಂಬುದು ನನ್ನದೇ ಗಾದೆ.

“ತಗೊಳ್ಳಿ ಕುಂಪಾ, ಬೆರಳಿಲ್ಲದವರೇ” ಎಂದ. ಬಹುವಚನದಲ್ಲಿ.

ಮೇ 11

ಪ್ಲಾಸ್ಟಿಕ್ ಉಗುರು ಬೇಸಿನ ತಂತಿಗೆ ಬಡಿದರೆ ಆನೆಗೆ ಹಕ್ಕಿಗರಿಯಲ್ಲಿ ಕಚಗುಳಿ ಇಟ್ಟ ಹಾಗೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದು ತಿರುಗುತ್ತಿದೆಯೋ ಜಾರುತ್ತಿದೆಯೋ ಗೊತ್ತೇ ಆಗುವುದಿಲ್ಲ. ಇವತ್ತು ಜಾರಿ ಹಾರಿ ಕ್ಲೆವರನ ಕಾಫಿಗೆ ಬಿತ್ತು. ಅವನು ಪಾಪ, ಕುಡಿದು ಮುಗಿಸಿಯೇ ತೆಗೆದುಕೊಟ್ಟ.

ಮೇ 16, ಶನಿವಾರ

ಈ ವಾರ ನಾನು ಉಗುರು ಸಂಶೋಧಕ. ಬಣ್ಣದ ಡಬ್ಬಿಯ ಮುಚ್ಚಳ ಕತ್ತರಿಸಿದೆ: ಅಂಚು ಹರಿತ, ದನಿ ಬೋಳು. ಟೆಲಿಫೋನ್ ಕಾರ್ಡು: ದನಿ ಪರವಾಗಿಲ್ಲ, ಆದರೆ ಮೂರನೇ ಹಾಡಿಗೆ ಮಡಚಿಕೊಂಡು ‘ಸಂಪರ್ಕ ಕಡಿತ’. ಅಜ್ಜನ ಕೋಟಿನ ಕಾಡುಬೀಜದ ಗುಂಡಿ, ದಂತದಷ್ಟು ಗಟ್ಟಿ: ಟಕ್ ಟಕ್ ಎಂದು ಬಾಗಿಲು ತಟ್ಟುತ್ತದೆ, ಒಳಗಿನಿಂದ ಸಂಗೀತ ಬರುವುದಿಲ್ಲ. ದನದ ಕೊಂಬಿನ ಬಾಚಣಿಗೆಯನ್ನು ಮುರಿದೆ. ಬಾಚಣಿಗೆ ನೆಲಿದಾಳದ್ದು. ಹೆಂಡತಿಯ ಬಾಚಣಿಗೆ ಮುರಿದವನ ತಲೆ ಯಾರು ಬಾಚುತ್ತಾರೆ?

ಈ ಎಲ್ಲವನ್ನೂ ಉಜ್ಜಿ ಆಕಾರಕ್ಕೆ ತರಲು ಅರ ಬೇಕಾಗಿತ್ತು. ಹಾಗಾಗಿ ಅವಳ ಸ್ಟಾಲಿಗೆ ಹೋದೆ. ಮಾರುಕಟ್ಟೆಯ ಅಂಚಿನಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಎರಡು ಸ್ಟೂಲು, ಒಂದು ಮೇಜು. ಅಲ್ಲಿ ನೆಲಿದಾ ಹನ್ನೊಂದು ವರ್ಷದಿಂದ ಹೆಂಗಸರ ಉಗುರು ತಿದ್ದಿ ಬಣ್ಣ ಹಚ್ಚುತ್ತಿದ್ದಾಳೆ. ಅರ್ಧ ಗಂಟೆ ಕೂತೆ. ಗಂಡಸು ಕೂರುವ ಜಾಗವಲ್ಲ.

ಮೇ 20, ಬುಧವಾರ

ಶಾಲೆಯಿಂದ ರಜೆ ಇರುವುದರಿಂದ ಮತ್ತೆ ಹೋಗಿದ್ದೆ. ಮೀನು ಮಾರುವ ಆಸ್ತೇರಿಯಾ ಉಗುರು ತಿದ್ದಿಸಿಕೊಳ್ಳಲು ಬಂದು ಕೂತಿದ್ದಳು.

“ಏನೇ ನೆಲಿದಾ, ನಿನ್ನ ಗಂಡನ್ನೂ ಕೆಲಸಕ್ಕೆ ಸೇರಿಸ್ಕೊಂಡ್ಯಾ?”

“ಬೇಡಮ್ಮ, ಅವನಿಗೆ ಮೀನು ಕಂಡ್ರೆ ಭಯ. ನಿನ್ನ ಕೈ ವಾಸನೆಗೇ ಓಡಿಹೋಗ್ತಾನೆ.”

“ಸತ್ತ ಮೀನು ಕಂಡ್ರಲ್ವಾ? ಬದುಕಿರೋದು ಕಂಡ್ರೆ ಏನಿಲ್ಲ ಅಂತಲ್ಲ!”

ಇಡೀ ಮಾರುಕಟ್ಟೆಗೆ ನನ್ನ ಕಥೆ ಬಾಯಿಪಾಠ. ಮಕ್ಕಳು ನದಿಗಳ ಹೆಸರನ್ನು ಇಷ್ಟು ಚೆನ್ನಾಗಿ ಕಲಿತಿದ್ದರೆ!

ನೆಲಿದಾ ಉಗುರು ಉಜ್ಜುವುದು ಪೈಚೆ ಮೀನಿನ ಹುರುಪೆಯಿಂದ. ಮನುಷ್ಯನಷ್ಟುದ್ದದ ಮೀನು, ಅದರ ಹುರುಪೆ ಅಂಗೈಯಷ್ಟಗಲ. ನಮ್ಮೂರಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು: ಹುರುಪೆಯ ನುಣುಪು ತುದಿಯನ್ನು ಹಿಡಿಯಬೇಕು, ಒರಟು ತುದಿಯಿಂದ ಉಜ್ಜಬೇಕು. ನೆಲಿದಾ ನನ್ನ ಕಣ್ಣು ಮುಚ್ಚಿಸಿ ತೋರುಬೆರಳಿಗೆ ಒಂದನ್ನು ಮುಟ್ಟಿಸಿದಳು.

“ಒರಟೋ ನುಣುಪೋ?”

“ನುಣುಪು.”

“ಒರಟು, ಮುದುಕಾ. ಅರದಂಗಿದೆ.”

ಐದು ಸಲ ಕೇಳಿದಳು. ಐದೂ ಸಲ ಸೋತೆ. ಕುರುಡಾಗಿ ಹೇಳಿದರೂ ಎರಡಾದರೂ ಸರಿಯಾಗಬೇಕಿತ್ತು. ಆಸ್ತೇರಿಯಾ ನಗಲಿಲ್ಲ. ಅದು ನಕ್ಕಿದ್ದಕ್ಕಿಂತ ಕೆಟ್ಟದಾಗಿತ್ತು.

ಮೇ 23, ಶನಿವಾರ

ಯುರೇಕಾ ಎಂದು ಬರೆಯುವವನಿದ್ದೆ, ಮಧ್ಯಾಹ್ನ. ಈಗ ಸಂಜೆ.

ನಿನ್ನೆ ಹೊಳೆದದ್ದು: ಪ್ಲಾಸ್ಟಿಕ್ಕಿಗಿಂತ ಗಟ್ಟಿ, ಬೀಜಕ್ಕಿಂತ ಮೆತ್ತಗೆ, ಪೈಚೆ ಹುರುಪೆಯನ್ನೇ ಏಕೆ ಉಗುರು ಮಾಡಬಾರದು? ಒಂದನ್ನು ಕತ್ತರಿಸಿ ತಂದೆ. ಶೆಡ್ಡಿನಲ್ಲಿ ಮೊದಲ ಸ್ವರಕ್ಕೇ ಕ್ಲೆವರ್ ತಲೆ ಎತ್ತಿದ. ದುಂಡಗೆ, ಮಂದವಾಗಿ, ಹೆಚ್ಚುಕಮ್ಮಿ ನನ್ನ ಬೆರಳಿನ ದನಿ. ಹುರುಪೆಯಿಂದ ಹುರುಪು ಬಂತು. ನಲವತ್ತು ನಿಮಿಷ ನುಡಿಸಿದೆ. ಅದು ಕೈಯೊಳಗೆ ಜಾರಿ ಜಾರಿ ಆರು ಸಲ ಬಿತ್ತು, ಎತ್ತಿಕೊಂಡೆ. ಆಮೇಲೆ ತೊಡೆಯ ಮೇಲೆ ಕಪ್ಪು ನಾರು ಉದುರುತ್ತಿರುವುದು ಕಾಣಿಸಿತು. ನನ್ನ ತಂತಿಗಳು ಹಳೆಯ ಕಾಲದವು, ಲೋಹದ ಮೇಲೆ ಕಪ್ಪು ನೈಲಾನ್ ಸುತ್ತಿದ್ದು. ಹುರುಪೆಯ ಒರಟು ತುದಿ ಅದನ್ನೆಲ್ಲ ಬಾಳೆನಾರಿನ ಹಾಗೆ ಸುಲಿದುಬಿಟ್ಟಿತ್ತು.

“ಕುಂಪಾ, ನೀವು ತಂತಿ ಮೀಟ್ತಿಲ್ಲ, ಅದರ ಉಗುರು ತೆಗೀತಿದ್ದೀರಿ. ಇನ್ನು ಬಣ್ಣ ಹಚ್ಚೋದೊಂದು ಬಾಕಿ” ಎಂದ ಅಮೆರಿಕೋ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕ್ಲೆವರ್ ಮಾತ್ರ ಬಗ್ಗಿ ನಾರನ್ನು ಒಂದೊಂದಾಗಿ ಆಯ್ದು ಕಾಗದದಲ್ಲಿ ಕಟ್ಟಿಕೊಟ್ಟ. ಯಾಕೆ ಕಟ್ಟಿಕೊಟ್ಟನೋ, ನಾನು ಯಾಕೆ ಜೇಬಿಗೆ ಹಾಕಿಕೊಂಡೆನೋ.

ಹೊಸ ತಂತಿ ಲೀಮಾದಿಂದ ಬರಬೇಕು, ಬಸ್ಸಿನಲ್ಲಿ.

ಮೇ 24

ಇವತ್ತು ಪುಟ ತುಂಬುವುದಿಲ್ಲ. ಬರೆಯುವಷ್ಟು ಬೆರಳು ಸರಿಯಾಗಿದೆ, ಮನುಷ್ಯ ಸರಿಯಿಲ್ಲ.

ಮೇ 30, ಶನಿವಾರ

ಅಭ್ಯಾಸಕ್ಕೆ ಹೋಗಲಿಲ್ಲ. ಹೊಲಿಗೆ ಹಾಕಿದ ದಿನಗಳನ್ನು ಬಿಟ್ಟರೆ ಮೂವತ್ತೊಂದು ವರ್ಷದಲ್ಲಿ ಇದು ಎರಡನೇ ಸಲ. ಮೊದಲನೆಯದು ಮಗಳು ಹುಟ್ಟಿದ ದಿನ.

ಸ್ಟಾಲಿನಲ್ಲಿ ಕೂತಿದ್ದೆ. ನೆಲಿದಾ, “ಇನ್ನೊಂದು ಹುರುಪೆ ಕತ್ತರಿಸಿ ಕೊಡ್ಲಾ? ತೆಳ್ಳಗಿರೋದು?” ಅಂದಳು. ನಾನು, “ಅದು ನೇಲ್ ಪಾಲಿಶ್ ಹಚ್ಚಿದ ಹಾಗಲ್ಲ. ನಿನಗೆ ದನಿಯ ವಿಚಾರ ಏನು ಗೊತ್ತು?” ಅಂದೆ. ಗಿರಾಕಿ ಎದುರಿಗೇ ಅಂದೆ. ಅವಳು ಗಿರಾಕಿಯ ಒಂದು ಕೈಯ ಕೆಲಸ ಮುಗಿಸಿ ಇನ್ನೊಂದು ಕೈ ಹಿಡಿದಳು.

ಡಾಕ್ಟರಮ್ಮ ಬೆರಳಿಗೆ ಬರೆಯಲು ಹೇಳಿದ್ದಾರೆ. ನಾಲಿಗೆಗೂ ಏನಾದರೂ ಹೇಳಬಹುದಿತ್ತು.

ಜೂನ್ 1

ಬೆಳಿಗ್ಗೆ ಅವಳಿಗಿಂತ ಮುಂಚೆ ಹೋಗಿ ಟಾರ್ಪಾಲು ಕಟ್ಟಿದೆ, ಬಕೆಟ್ಟಿನಲ್ಲಿ ನೀರು ತಂದಿಟ್ಟೆ. ಟಾರ್ಪಾಲಿನ ಗಂಟು ಒಂದು ಬೆರಳಿಲ್ಲದೆ ಕಟ್ಟುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಹತ್ತು ಬೆರಳಿದ್ದಾಗ ಒಮ್ಮೆಯೂ ಕಟ್ಟಿರಲಿಲ್ಲವಲ್ಲ. ನೆಲಿದಾ ಬಂದು ಗಂಟು ನೋಡಿದಳು, ಬಿಚ್ಚಿದಳು, ಸರಿಯಾಗಿ ಕಟ್ಟಿದಳು. “ಊಟ ಮಾಡಿದ್ಯಾ?” ಅಂದಳು. ರಾಜಿಯಾಯಿತು ಅಂದುಕೊಂಡಿದ್ದೇನೆ.

ಜೂನ್ 6, ಶನಿವಾರ

ಇವತ್ತೂ ಅಭ್ಯಾಸಕ್ಕೆ ಹೋಗಲಿಲ್ಲ. ಆದರೆ ಇವತ್ತು ಆದದ್ದಕ್ಕೆ ಒಂದು ಪುಟ ಸಾಲದು, ಎರಡು ಪುಟ ಬರೆಯುತ್ತೇನೆ.

ಸ್ಟಾಲಿನಲ್ಲಿ ಆಸ್ತೇರಿಯಾ ಕೂತಿದ್ದಳು. ಅವಳ ಮಗಳಿಗೆ ಇಕಿತೋಸಿನಲ್ಲಿ ನರ್ಸ್ ಕೆಲಸ ಸಿಕ್ಕಿದೆಯಂತೆ. ಆ ಸಂಭ್ರಮಕ್ಕೆ ಹತ್ತೂ ಬೆರಳಿಗೆ ಕೆಂಪು. ನಾನು ಬಣ್ಣದ ಶೀಶೆ ಹಿಡಿದುಕೊಂಡು ಕಥೆ ಕೇಳುತ್ತಿದ್ದೆ. ನೆಲಿದಾ ಹುರುಪೆಯ ಒರಟು ತುದಿಯಿಂದ ಉಗುರು ಉಜ್ಜಿ ಮುಗಿಸಿದಳು. ಆಮೇಲೆ ನೋಡದೆಯೇ ಚಕ್ಕನೆ ಹುರುಪೆಯನ್ನು ತಿರುಗಿಸಿ, ಒರಟು ತುದಿಯನ್ನು ತಾನು ಹಿಡಿದು, ನುಣುಪು ತುದಿಯಿಂದ ಉಗುರಿನ ಬುಡದ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದಳು.

“ಏಯ್, ಅದೇನು ಮಾಡಿದೆ?”

“ಚರ್ಮ ಹಿಂದಕ್ಕೆ ತಳ್ತಿದೀನಿ.”

“ಅಲ್ಲ, ತಿರುಗಿಸಿದೆಯಲ್ಲ!”

“ಒರಟು ತುದಿಯಲ್ಲಿ ಚರ್ಮ ತಳ್ಳಿದ್ರೆ ರಕ್ತ ಬರುತ್ತೆ, ಮುದುಕಾ. ಹನ್ನೊಂದು ವರ್ಷದಿಂದ ತಿರುಗಿಸ್ತಾನೇ ಇದೀನಿ.”

ಒರಟು ತುದಿ ಬೆರಳಿಗೆ, ನುಣುಪು ತುದಿ ತಂತಿಗೆ! ಒರಟು ಹಿಡಿತಕ್ಕೆ ಸಿಗುತ್ತದೆ, ಜಾರುವುದಿಲ್ಲ. ನುಣುಪು ತಂತಿಯನ್ನು ಸುಲಿಯುವುದಿಲ್ಲ. ಬೇರೆ ಊರಿನ ಮೂರ್ಖನಾಗಿದ್ದರೆ ಹುರುಪೆಯನ್ನು ಹೇಗೆ ಬೇಕಾದರೂ ಹಿಡಿದು, ಐದು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದ. ಇದು ನಮ್ಮೂರಿನ ಬುದ್ಧಿವಂತರಿಗೆ ಮಾತ್ರ ಸಾಧ್ಯವಾದ ತಪ್ಪು. ನಾನು ಎದ್ದು ಕುಣಿದ ರಭಸಕ್ಕೆ ಕೆಂಪು ಬಣ್ಣವೆಲ್ಲ ಆಸ್ತೇರಿಯಾಳ ಲಂಗದ ಮೇಲೆ.

“ಇವನ ಬೆರಳು ಮಾತ್ರ ಅಲ್ಲ ಕಣೇ, ತಲೇನೂ ಮೀನು ಕಚ್ಚಿದೆ” ಎಂದಳು ಅವಳು.

ಜೂನ್ 10, ಬುಧವಾರ

ತಂತಿ ಬಂತು. ಆಸ್ತೇರಿಯಾ, ಲಂಗ ಒಗೆದುಕೊಡಬೇಕೆಂಬ ಷರತ್ತಿನ ಮೇಲೆ, ಒಂದು ಚೀಲ ಹುರುಪೆ ಕೊಟ್ಟಳು. ಲಂಗ ನಾನೇ ಒಗೆದೆ. ಕಲೆ ಹೋಗಲಿಲ್ಲ. ಕಲೆಯ ಮೇಲಿನ ನನ್ನ ಪ್ರೀತಿ ಊರಿಗೇ ಗೊತ್ತಲ್ಲ!

ಸಂಜೆ ಮನೆಯಲ್ಲಿ ಆಯ್ಕೆ. ಬೆನ್ನಿನ ಹುರುಪೆ ದಪ್ಪ, ಹೊಟ್ಟೆಯದು ತೆಳು, ಬಾಲದ ಹತ್ತಿರದ್ದು ಚಿಕ್ಕದು. ನಾನು ಕಣ್ಣಿನಿಂದ ಆರಿಸುತ್ತಿದ್ದೆ. ನೆಲಿದಾ ಒಂದೊಂದನ್ನೂ ಮೇಜಿನ ಅಂಚಿಗೆ ತಟ್ಟಿ, ತಲೆ ಓರೆ ಮಾಡಿ ಕೇಳಿ, ಬೇಡದ್ದನ್ನು ಬದಿಗೆಸೆಯುತ್ತಿದ್ದಳು.

“ಇದಲ್ಲ... ಇದಲ್ಲ... ಇದು ಸ್ವಲ್ಪ ಒಣಗಿದೆ, ನೀರಲ್ಲಿ ಹಾಕು... ಹಾಂ. ಇದು.”

“ಇದೇ ಅಂತ ಹೇಗೆ ಹೇಳ್ತೀಯ?”

“ಇಪ್ಪತ್ತಾರು ವರ್ಷ ಅಡುಗೆಮನೆಯಿಂದ ಕೇಳಿದೀನಿ. ನಿನ್ನ ಬೆರಳು ಬೀಳುವಾಗ ಮೊದಲು ಒಂದು ಚೂರು ಗಾಳಿ ಬರುತ್ತೆ, ಆಮೇಲೆ ದನಿ. ಇದರಲ್ಲಿ ಆ ಗಾಳಿ ಇದೆ.”

ನುಡಿಸಿ ನೋಡಿದೆ. ಇತ್ತು. ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಇನ್ನೂ ಹೆಚ್ಚಿತ್ತು. ಮೂವತ್ತೊಂದು ವರ್ಷ ನುಡಿಸಿದವನಿಗೆ ಆ ಗಾಳಿಯ ವಿಷಯ ಗೊತ್ತಿರಲಿಲ್ಲ.

ಇದೇ ಬಾಯಲ್ಲಿ ಅಲ್ಲವೇ ನಾನು ಅವಳಿಗೆ ದನಿಯ ವಿಚಾರ ಏನು ಗೊತ್ತು ಎಂದದ್ದು. ಗುರುವಾರದ ಸೂಜಿಗಿಂತ ಇದು ಚೆನ್ನಾಗಿ ಚುಚ್ಚಿತು.

ಜೂನ್ 18, ಗುರುವಾರ

ಡಾಕ್ಟರಮ್ಮ: ಸೂಜಿ, ಹತ್ತಿ. ನಾನು: ಹತ್ತಿ, ಹತ್ತಿ. ಅವರು ಏನೋ ಬರೆದುಕೊಂಡರು. ನಾನೂ ಬರೆದುಕೊಳ್ಳುತ್ತಿದ್ದೇನೆ.

ಜೂನ್ 20, ಶನಿವಾರ

ಎರಡು ಗಂಟೆ ಆರು ನಿಮಿಷ.

ಅಮೆರಿಕೋ ಕೊನೆಯ ಹಾಡಿನ ನಂತರ ಗಿಟಾರನ್ನು ಕೆಳಗಿಟ್ಟು ಬಂದು, ನನ್ನ ಬಲಗೈಯನ್ನು ಎತ್ತಿ, ಕೆಟ್ಟ ಎಂಜಿನ್ ನೋಡುವ ಹಾಗೆ ತಿರುಗಿಸಿ ನೋಡಿದ. “ಕುಂಪಾ, ನೀವು ಮೋಸ ಮಾಡ್ತಿದ್ದೀರಿ. ಇದು ಬೆರಳಿನ ದನಿ.” ಹುರುಪೆ ತೋರಿಸಿದೆ. ಮೂಸಿ ನೋಡಿದ. “ಮೀನು” ಎಂದ. ಆಮೇಲೆ ಬೇರೆ ಕಡೆ ತಿರುಗಿಕೊಂಡು, “ನೀವು ಬರದೆ ಮೂರು ಶನಿವಾರ ಶೆಡ್ಡು ಬರೀ ಶೆಡ್ಡಾಗೇ ಇತ್ತು” ಎಂದ. ಇದಕ್ಕಿಂತ ಹೆಚ್ಚಿನದನ್ನು ಅವನು ಸಮಾಧಿಯ ಮುಂದೆಯೂ ಹೇಳುವವನಲ್ಲ.

ಕ್ಲೆವರ್ ಕೈ ಕುಲುಕಿದ. “ಸದ್ಯ ಮೇಷ್ಟ್ರೇ! ನನ್ನ ಎಡಗೈಗೆ ರಾತ್ರಿಯೆಲ್ಲ ಕನಸಲ್ಲೂ ಕಪ್ಪೆ.” ಅವನಿಗೂ ಕಪ್ಪೆ ಕೇಳಿಸಿತ್ತು ಹಾಗಾದರೆ.

ಆದರೆ ಒಂದು ಚಿಂತೆ. ಉಗುರು ಎರಡು ಸಲ ಬಿತ್ತು. ಇನ್ನೊಂದು ಎತ್ತಿಕೊಂಡಾಗ ಯಾವ ತುದಿ ಯಾವುದೆಂದು ಬೆರಳಿಗೆ ತಿಳಿಯದ ಕಾರಣ ಪ್ರತಿ ಸಲ ಬಗ್ಗಿ ಕಣ್ಣಿನಿಂದ ನೋಡಬೇಕು. ನೋಡುವಷ್ಟರಲ್ಲಿ ನಾಲ್ಕು ತಾಳ ಹೋಗುತ್ತದೆ. ಶೆಡ್ಡಿನಲ್ಲಾದರೆ ನಾಲ್ಕು ತಾಳ ಹೋದರೆ ಬೈಗುಳ. ಕೆರೆದಂಡೆಯಲ್ಲಿ ಎಂಟುನೂರು ಜನ ಒಂದು ಕಾಲು ಎತ್ತಿ ಮುಂದಿನದಕ್ಕೆ ಕಾಯುತ್ತಿರುತ್ತಾರೆ. “ನೀವು ಅವತ್ತು ಬಗ್ಗಿದ್ರೆ ಕ್ಲೆವರ್ ಎಡಗೈ ಹಾಕ್ತಾನೆ, ಕುಂಪಾ. ಒಂದ್ಸಲ ಹಾಕಿದ್ರೆ ಆಮೇಲೆ ತೆಗೆಯಲ್ಲ” ಎಂದ ಅಮೆರಿಕೋ. ಅದೂ ನ್ಯಾಯವೇ.

ಜೂನ್ 24, ಸಾನ್ ಹುವಾನ್

ಬೆಳಿಗ್ಗೆ ಎಲ್ಲರಂತೆ ಕೆರೆಯಲ್ಲಿ ಮಿಂದೆವು. ಇವತ್ತು ಮಿಂದರೆ ವರ್ಷವಿಡೀ ಅದೃಷ್ಟ. ಹೋದ ವರ್ಷವೂ ಮಿಂದಿದ್ದೆ. ಪಿರಾನ್ಯಾಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ. ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಉಂಡೆ, ಒಳಗೆ ಕೋಳಿ, ತಲೆಗೆರಡು ತಿಂದೆವು.

ಹತ್ತು ಗಂಟೆಗೆ ಶುರು. ನೆಲಿದಾ ನನ್ನ ಬೆನ್ನ ಹಿಂದೆ ಸ್ಪೀಕರ್ ಡಬ್ಬದ ಮೇಲೆ ಕೂತಿದ್ದಳು, ಮಡಿಲಲ್ಲಿ ನೀರು ತುಂಬಿದ ಡಬ್ಬಿ, ಅದರಲ್ಲಿ ಹನ್ನೆರಡು ಹುರುಪೆ ಉಗುರು. ಹಬ್ಬದ ದಿನ ಅವಳು ಕುಣಿಯುವುದನ್ನು ಬಿಟ್ಟು ಕೂತದ್ದು ನನಗೆ ನೆನಪಿಲ್ಲ. ಅಥವಾ ಅವಳು ಎಲ್ಲಿರುತ್ತಿದ್ದಳೆಂದು ನಾನು ತಿರುಗಿ ನೋಡಿದ ನೆನಪಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಮೊಣಕೈಯಿಂದ ಬೆವರು ಹರಿಯುತ್ತಿತ್ತು. ಆಸ್ತೇರಿಯಾ ಕೆಂಪು ಉಗುರು, ಕೆಂಪು ಕಲೆಯ ಲಂಗದಲ್ಲಿ ಇಬ್ಬರು ಆಟೋದವರನ್ನು ಸರದಿಯ ಮೇಲೆ ಕುಣಿಸುತ್ತಿದ್ದಳು. ಒಬ್ಬನ ಚಪ್ಪಲಿ ಕಿತ್ತು ಹಾರಿ ದೋಣಿಯೊಳಗೆ ಬಿತ್ತು. ಅದನ್ನೇ ನೋಡುತ್ತಿದ್ದೆ, ನಗು ತಡೆಯಲಾಗಲಿಲ್ಲ, ಆಗಲೇ ಕೈಯಿಂದ ಉಗುರು ಜಾರಿತು. ಕ್ಲೆವರನ ಎಡಗೈ ಮೇಲೆದ್ದದ್ದು ಓರೆಗಣ್ಣಿಗೆ ಕಾಣಿಸಿತು. ಹಿಂದಕ್ಕೆ ಕೈ ಚಾಚಿದೆ. ಒದ್ದೆ ಹುರುಪೆಯೊಂದು ಬೆರಳ ನಡುವೆ ಬಂತು. ಗಡಿಬಿಡಿಯಲ್ಲಿ ಅವಳು ತಿರುವುಮುರುವು ಕೊಟ್ಟಿದ್ದಳು, ನುಣುಪು ತುದಿ ನನ್ನ ಬೆರಳಿಗೆ. ತಿರುಗಿಸಿ ಹಿಡಿದು ಮುಂದಿನ ತಾಳಕ್ಕೇ ಸೇರಿಕೊಂಡೆ. ಅಷ್ಟು ಹೊತ್ತಿಗೆ ಆಟೋದವನು ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿ ತಾನೇ ದೋಣಿಗೆ ಎಸೆದಿದ್ದ. ಕ್ಲೆವರನ ಎಡಗೈ ಕೆಳಗಿಳಿದು ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ಕಾಲೂ ಗಾಳಿಯಲ್ಲಿ ನಿಲ್ಲಲಿಲ್ಲ.

ವಿರಾಮದಲ್ಲಿ ನೀರು ಕುಡಿಯುತ್ತಿದ್ದೆ. ನೆಲಿದಾ ಒಂದು ಥರಾ ನೋಡುತ್ತಿದ್ದಳು.

“ಹೇಗೆ ಗೊತ್ತಾಯ್ತು?”

“ಏನು?”

“ತಿರುಗಿಸಬೇಕು ಅಂತ. ನೀನು ಬಗ್ಗಿ ನೋಡ್ಲೇ ಇಲ್ಲ.”

“ಎಲ್ಲಿ ನೋಡೋದು? ನೀನು ಆ ಚಪ್ಪಲಿ ನೋಡಿದ್ಯಾ? ಸೀದಾ ದೋಣಿಯೊಳಗೆ!”

ಅವಳು ನೀರಿನ ಡಬ್ಬಿಯನ್ನು ಬದಿಗಿಟ್ಟಳು. ನನ್ನ ತೋರುಬೆರಳನ್ನು ಗಿರಾಕಿಗಳದ್ದು ಹಿಡಿಯುವ ಹಾಗೆ ತನ್ನ ಕೈಯೊಳಗೆ ಹಿಡಿದು ಕೂತಳು. ಕಾಯಿಸಿದ ಹಾಗೆ ಬೆಚ್ಚಗಿತ್ತು ಅವಳ ಕೈ. ಅಮೆರಿಕೋ ಬಂದು, “ಕುಂಪಾ, ಪಾಣಿಗ್ರಹಣ ಮುಗಿದಿದ್ರೆ ಬನ್ನಿ” ಅನ್ನುವವರೆಗೆ ಬಿಡಲಿಲ್ಲ.

ನಾಳೆ ಗುರುವಾರ. ಮತ್ತೆ ಸೂಜಿ, ಹತ್ತಿ. ಪ್ರಗತಿ ಏನೂ ಇಲ್ಲವೆಂದು ಈಗಲೇ ಬರೆದಿಟ್ಟರೆ ನಾಳಿನ ಪುಟ ಉಳಿಯುತ್ತದೆ. ನೆಲಿದಾ ತಾನೂ ಆಸ್ಪತ್ರೆಗೆ ಬರುತ್ತೇನೆಂದು ಹಠ ಹಿಡಿದಿದ್ದಾಳೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ, ಸುಮ್ಮನೆ ನಗುತ್ತಾಳೆ. ಹಬ್ಬದ ಮರುದಿನ ಊರಿನ ಹೆಂಗಸರ ಬಣ್ಣವೆಲ್ಲ ಕಿತ್ತುಹೋಗಿರುತ್ತದೆ. ಅಂಥ ದಿನ ಯಾರಾದರೂ ನಮ್ಮ ಅಂಗಡಿ ಮುಚ್ಚುತ್ತಾರೆಯೇ?